ದಂಡನಾಯಕ ತಿಮ್ಮಯ್ಯನವರು: ಡೆಹರಾಡೂನಿನ ಪೂರ್ವಸಿದ್ಧತಾ ಶಾಲೆಯಿಂದ ಸೇನೆಯ ಉನ್ನತ ಪದವಿಯವರೆಗೆ

ಕೊಡಗಿನ ಕಾಫಿ ತೋಟಗಳಲ್ಲಿ ಬೀಜವನ್ನು ನೇರವಾಗಿ ತೋಟದ ನೆಲಕ್ಕೆ ಬಿತ್ತುವ ವಾಡಿಕೆಯಿಲ್ಲ. ಮೊದಲು ಅದನ್ನು ನೆರಳಿರುವ ಸಸಿಮಡಿಯಲ್ಲಿ ಮೊಳೆಯಿಸಿ, ನೀರೆರೆದು, ಕಳೆ ಕಿತ್ತು, ಬೇರು ಬಲಿತ ಮೇಲೆ ಮಳೆಗಾಲದಲ್ಲಿ ತೋಟಕ್ಕೆ ಒಯ್ದು ನೆಡುತ್ತಾರೆ. ಸಸಿಮಡಿಯಲ್ಲಿ ಉಪೇಕ್ಷೆಗೊಳಗಾದ ಗಿಡ ಮುಂದೆ ಎಷ್ಟು ಗೊಬ್ಬರ ಹಾಕಿದರೂ ಚೇತರಿಸಿಕೊಳ್ಳುವುದು ಕಷ್ಟ. ಮಾನವ ಜೀವನದಲ್ಲಿಯೂ ಇಂತಹ ಸಸಿಮಡಿಯ ಕಾಲವೊಂದುಂಟು. ಭಾರತೀಯ ಸೇನೆಯ ಇತಿಹಾಸದಲ್ಲಿ ಅಳಿಯದ ಹೆಸರನ್ನು ಬಿಟ್ಟುಹೋದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಬಾಳಿನಲ್ಲಿ ಆ ಕಾಲವು ಕಳೆದದ್ದು ಹಿಮಾಲಯದ ತಪ್ಪಲಿನ ಡೆಹರಾಡೂನಿನ ಒಂದು ಶಾಲೆಯಲ್ಲಿ. ಅವರ ರಣಸಾಹಸಗಳನ್ನು ಬಲ್ಲವರು ಅನೇಕರಿದ್ದಾರೆ. ಆ ಸಾಹಸಗಳಿಗೆ ಅಡಿಪಾಯ ಹಾಕಿದ ವಿದ್ಯಾರ್ಥಿದೆಸೆಯನ್ನು ಸ್ಮರಿಸುವವರು ವಿರಳ. ವಿದ್ಯಾಸಂಸ್ಥೆಗಳಲ್ಲಿ ಆಸಕ್ತಿಯುಳ್ಳವರಿಗೆ ಈ ಎರಡನೆಯ ಭಾಗವೇ ಹೆಚ್ಚು ಬೋಧಪ್ರದವಾದುದು.

ತಿಮ್ಮಯ್ಯನವರು 1906ರ ಮಾರ್ಚ್ ತಿಂಗಳಲ್ಲಿ ಮಡಿಕೇರಿಯಲ್ಲಿ ಜನಿಸಿದರು. ಅವರದು ಕಾಫಿ ಬೆಳೆಗಾರರ ಅನುಕೂಲಸ್ಥ ಮನೆತನ. ತಾಯಿಯವರು ವಿದ್ಯಾವತಿ, ಸಮಾಜಸೇವೆಗಾಗಿ ಕೈಸರ್-ಇ-ಹಿಂದ್ ಪದಕವನ್ನು ಪಡೆದ ಮಹಿಳೆ. ಸ್ವತಂತ್ರ ಭಾರತದ ಸೇನೆಗೆ ಪ್ರಥಮ ಭಾರತೀಯ ಮಹಾದಂಡನಾಯಕರಾದ ಕಾರಿಯಪ್ಪನವರೂ ಇದೇ ಕೊಡಂದೇರ ಒಕ್ಕಕ್ಕೆ ಸೇರಿದವರು. ಒಂದೇ ಒಕ್ಕವು ದೇಶಕ್ಕೆ ಇಬ್ಬರು ಸೇನಾ ಮುಖ್ಯಸ್ಥರನ್ನು ನೀಡಿತೆಂಬುದು ಕೊಡಗಿಗಷ್ಟೇ ಅಲ್ಲ, ಸಮಸ್ತ ಕರ್ನಾಟಕಕ್ಕೂ ಅಭಿಮಾನದ ವಿಷಯ. ಹುಟ್ಟಿದ ಮಗುವಿನ ಕೈಗೆ ಬಿಲ್ಲುಬಾಣವನ್ನು ಮುಟ್ಟಿಸುವ ಸಂಪ್ರದಾಯವುಳ್ಳ ನಾಡಿನಲ್ಲಿ ಶೌರ್ಯಕ್ಕೆ ಕೊರತೆಯಿರಲಿಲ್ಲ. ಆದರೆ ಆ ಶೌರ್ಯಕ್ಕೆ ಅಧಿಕಾರದ ಸ್ಥಾನ ದೊರೆಯುವ ದಾರಿ ಮಾತ್ರ ಆಗ ಮುಚ್ಚಿತ್ತು.

ಆ ದಾರಿಯ ಸ್ವರೂಪವನ್ನು ತಿಳಿಯದೆ ತಿಮ್ಮಯ್ಯನವರ ವಿದ್ಯಾರ್ಥಿ ಜೀವನದ ಮಹತ್ವ ತಿಳಿಯದು. ಬ್ರಿಟಿಷರ ಭಾರತೀಯ ಸೇನೆಯಲ್ಲಿ ಸಿಪಾಯಿಗಳು ಭಾರತೀಯರು; ಅವರನ್ನು ನಡೆಸುವ ಅಧಿಕಾರಿಗಳು ಆಂಗ್ಲರು. ಜೀವಮಾನವಿಡೀ ಸೇವೆ ಸಲ್ಲಿಸಿದ ಭಾರತೀಯನು ಜಮಾದಾರನೋ ಸುಬೇದಾರನೋ ಆಗಬಹುದಿತ್ತು. ಅವನಿಗೆ ದೊರೆಯುತ್ತಿದ್ದುದು ವೈಸರಾಯ್ ನೀಡುವ ಕಮಿಷನ್. ಎಷ್ಟೇ ಅನುಭವಸ್ಥನಾದ ಸುಬೇದಾರನೂ ಹೊಸದಾಗಿ ಬಂದ ಆಂಗ್ಲ ತರುಣನಿಗಿಂತ ಕೆಳಗಿನವನೇ. ಇಂಗ್ಲೆಂಡಿನ ದೊರೆಯಿಂದ ನೇರವಾಗಿ ಬರುವ ಕಮಿಷನ್ ಭಾರತೀಯರಿಗೆ ಇರಲಿಲ್ಲ. 1901ರಲ್ಲಿ ಲಾರ್ಡ್ ಕರ್ಜನ್ ರಾಜಕುಮಾರರಿಗಾಗಿ ಇಂಪೀರಿಯಲ್ ಕ್ಯಾಡೆಟ್ ಕೋರ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದನಾದರೂ ಅಲ್ಲಿ ತರಬೇತಿ ಪಡೆದವರಿಗೆ ಆಂಗ್ಲ ಅಧಿಕಾರಿಗಳಿಗೆ ಸಮನಾದ ಅಧಿಕಾರ ದೊರೆಯಲಿಲ್ಲ.

ಮೊದಲನೆಯ ಮಹಾಯುದ್ಧವು ಈ ಬಾಗಿಲನ್ನು ಸ್ವಲ್ಪಮಟ್ಟಿಗೆ ತೆರೆಯಿತು. ಫ್ರಾನ್ಸಿನಲ್ಲಿಯೂ ಮೆಸಪಟೋಮಿಯದಲ್ಲಿಯೂ ರಕ್ತ ಸುರಿಸಿದ ಭಾರತೀಯರ ಬೇಡಿಕೆಯನ್ನು ಪೂರ್ಣವಾಗಿ ತಳ್ಳಿಹಾಕುವುದು ಸರ್ಕಾರಕ್ಕೆ ಸಾಧ್ಯವಾಗಲಿಲ್ಲ. 1917ರಲ್ಲಿ ಭಾರತೀಯರೂ ದೊರೆಯ ಕಮಿಷನ್‌ಗೆ ಅರ್ಹರೆಂಬ ಘೋಷಣೆಯಾಯಿತು. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನಲ್ಲಿ ವರ್ಷಕ್ಕೆ 10 ಸ್ಥಾನಗಳನ್ನು ಭಾರತೀಯರಿಗೆ ಮೀಸಲಿರಿಸಲಾಯಿತು. ಕೋಟಿ ಕೋಟಿ ಜನಸಂಖ್ಯೆಯ ದೇಶಕ್ಕೆ ಹತ್ತೇ ಸ್ಥಾನ! ಆ ಹತ್ತು ಸ್ಥಾನಗಳಿಂದಲೂ ನಿರೀಕ್ಷಿತ ಫಲ ಬರಲಿಲ್ಲ. ಭಾರತದ ಶಾಲೆಗಳಿಂದ ನೇರವಾಗಿ ಹೋದ ತರುಣರು ಅಪರಿಚಿತ ಭಾಷೆ, ಅಪರಿಚಿತ ಹವೆ, ಅಪರಿಚಿತ ಆಚಾರಗಳ ನಡುವೆ ತತ್ತರಿಸಿದರು. ಅವರ ಸಹಪಾಠಿಗಳಾದ ಆಂಗ್ಲ ತರುಣರು ಬಾಲ್ಯದಿಂದಲೇ ವಸತಿಶಾಲೆಗಳ ಶಿಸ್ತಿನಲ್ಲಿ ಬೆಳೆದವರು. ಹೀಗಾಗಿ ಮೊದಲ ವರ್ಷಗಳಲ್ಲಿ ಸ್ಯಾಂಡ್‌ಹರ್ಸ್ಟಿಗೆ ಹೋದ ಭಾರತೀಯರಲ್ಲಿ ಹಲವರು ಕಮಿಷನ್ ಪಡೆಯದೆಯೇ ಹಿಂದಿರುಗಬೇಕಾಯಿತು. ಭಾರತೀಯರಿಗೆ ನಾಯಕತ್ವದ ಯೋಗ್ಯತೆಯೇ ಇಲ್ಲವೆಂದು ವಾದಿಸುತ್ತಿದ್ದವರಿಗೆ ಈ ವೈಫಲ್ಯವು ಅನುಕೂಲವಾದ ಆಧಾರವಾಯಿತು.

ಈ ವಾದಕ್ಕೆ ತಕ್ಕ ಉತ್ತರವನ್ನು ಕೊಟ್ಟವರಲ್ಲಿ ಮದರಾಸಿನ ಪಿ. ಎಸ್. ಶಿವಸ್ವಾಮಿ ಅಯ್ಯರ್ ಅವರು ಪ್ರಮುಖರು. ಸೇನೆಯ ಸುಧಾರಣೆಯನ್ನು ಕುರಿತು ಅವರು 1921ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದ ನಿರ್ಣಯಗಳು ಭಾರತೀಯರಿಗೆ ಅಧಿಕಾರಿ ಸ್ಥಾನಗಳನ್ನೂ ಅದಕ್ಕೆ ಬೇಕಾದ ಶಿಕ್ಷಣ ಸೌಕರ್ಯಗಳನ್ನೂ ಒತ್ತಾಯಿಸಿದವು. ಕೊರತೆ ಇರುವುದು ಬುದ್ಧಿಯಲ್ಲಿಯೂ ಅಲ್ಲ, ಧೈರ್ಯದಲ್ಲಿಯೂ ಅಲ್ಲ. ಪೂರ್ವಸಿದ್ಧತೆಯಲ್ಲಿ ಎಂಬ ಸತ್ಯವು ಕ್ರಮೇಣ ಸ್ಪಷ್ಟವಾಯಿತು. ಇದರ ಫಲವಾಗಿ ಸ್ಯಾಂಡ್‌ಹರ್ಸ್ಟಿಗೆ ಭಾರತೀಯ ಬಾಲಕರನ್ನು ಅಣಿಗೊಳಿಸುವುದಕ್ಕೆಂದೇ ಡೆಹರಾಡೂನಿನಲ್ಲಿ ಒಂದು ಶಾಲೆ ಹುಟ್ಟಿಕೊಂಡಿತು. ಹಿಂದೆ ಕರ್ಜನನ ಕ್ಯಾಡೆಟ್ ಕೋರ್ ಇದ್ದ ಆವರಣವನ್ನೇ ಅದಕ್ಕೆ ಬಳಸಿಕೊಳ್ಳಲಾಯಿತು. 1922ರ ಮಾರ್ಚ್ 13ರಂದು ಇಂಗ್ಲೆಂಡಿನ ಯುವರಾಜನು ಅದನ್ನು ಉದ್ಘಾಟಿಸಿದನು. ಅವನ ಹೆಸರಿನಿಂದಲೇ ಅದಕ್ಕೆ ಪ್ರಿನ್ಸ್ ಆಫ್ ವೇಲ್ಸ್ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜು ಎಂಬ ದೀರ್ಘ ನಾಮಧೇಯ ಬಂದಿತು. ಕಾಲೇಜೆಂದು ಕರೆದರೂ ಅದು ವಸ್ತುತಃ ಬಾಲಕರ ವಸತಿಶಾಲೆ.

ಉದ್ಘಾಟನೆಯ ಕಾಲವನ್ನು ಗಮನಿಸಬೇಕು. ಅಸಹಕಾರ ಚಳವಳಿಯ ಬೆಂಕಿ ದೇಶದಲ್ಲೆಲ್ಲ ಹರಡಿದ್ದ ದಿನಗಳವು. ಯುವರಾಜನ ಪ್ರವಾಸವನ್ನು ಜನರು ಊರೂರುಗಳಲ್ಲಿ ಬಹಿಷ್ಕರಿಸಿದ್ದರು. ಉದ್ಘಾಟನೆಗೆ ಮೂರು ದಿನ ಮೊದಲು, ಮಾರ್ಚ್ 10ರಂದು, ಮಹಾತ್ಮಾ ಗಾಂಧಿಯವರ ಬಂಧನವಾಗಿತ್ತು. ಒಂದೆಡೆ ಸರ್ಕಾರಿ ಶಾಲೆಗಳನ್ನು ತೊರೆದು ಬರುತ್ತಿದ್ದ ವಿದ್ಯಾರ್ಥಿಗಳು. ಇನ್ನೊಂದೆಡೆ ಅದೇ ಸರ್ಕಾರದ ಸೈನಿಕ ಶಾಲೆಗೆ ಸೇರಲು ಬರುತ್ತಿದ್ದ ಬಾಲಕರು. ಹೀಗೆ ಸೇರಿದವರು ದೇಶಕ್ಕೆ ದ್ರೋಹ ಬಗೆದರೇ, ಇಲ್ಲವೇ ದೇಶಕ್ಕೆ ಮುಂದೆ ಬೇಕಾಗುವ ವಿದ್ಯೆಯೊಂದನ್ನು ಕೈವಶ ಮಾಡಿಕೊಂಡರೇ ಎಂಬ ಪ್ರಶ್ನೆಗೆ ಆಗ ಉತ್ತರವಿರಲಿಲ್ಲ. ತಿಮ್ಮಯ್ಯನವರ ಮುಂದಿನ ಬಾಳೆಲ್ಲವೂ ಈ ಪ್ರಶ್ನೆಗೆ ಕೊಟ್ಟ ಉತ್ತರವೆಂದು ಹೇಳಬಹುದು.

ಬಾಲಕ ತಿಮ್ಮಯ್ಯನು ಎಂಟನೆಯ ವಯಸ್ಸಿನಲ್ಲಿಯೇ ಮನೆಯನ್ನು ಬಿಟ್ಟು ನೀಲಗಿರಿಯ ಕೂನೂರಿನಲ್ಲಿ ಐರಿಷ್ ಸೋದರರು ನಡೆಸುತ್ತಿದ್ದ ಸಂತ ಜೋಸೆಫರ ವಸತಿಶಾಲೆಗೆ ಸೇರಿದ್ದನು. ಅನಂತರ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ವ್ಯಾಸಂಗ ಮುಂದುವರಿಯಿತು. ಅಲ್ಲಿಂದ ಡೆಹರಾಡೂನಿಗೆ ಹೋದಾಗ ಹದಿನಾರರ ಆಸುಪಾಸಿನ ವಯಸ್ಸು. ಕಾವೇರಿಯ ಉಗಮದ ನಾಡಿನಿಂದ ಗಂಗಾ ಯಮುನೆಯರ ನಡುವಣ ಕಣಿವೆಗೆ, ರೈಲಿನಲ್ಲಿ ಹಲವು ಹಗಲುರಾತ್ರಿಗಳ ಪಯಣ. ಹೊಸ ಸಂಸ್ಥೆಯ ಆರಂಭದ ವಿದ್ಯಾರ್ಥಿಗಳಲ್ಲಿ ಅವರೊಬ್ಬರಾದರು.

ಆ ಶಾಲೆಯ ರೀತಿನೀತಿಗಳು ಇಂಗ್ಲೆಂಡಿನ ಪಬ್ಲಿಕ್ ಶಾಲೆಗಳ ಅಚ್ಚಿನಲ್ಲಿ ರೂಪುಗೊಂಡಿದ್ದವು. ಬೆಳಗಿನ ಕವಾಯತು, ಇಂಗ್ಲಿಷ್, ಗಣಿತ, ಇತಿಹಾಸ, ಭೂಗೋಳಗಳ ಪಾಠ, ಅಪರಾಹ್ನದ ಆಟೋಟಗಳು, ರಾತ್ರಿಯ ವ್ಯಾಸಂಗ, ಎಲ್ಲವೂ ಗಂಟೆಯ ಸದ್ದಿಗೆ ನಡೆಯುತ್ತಿದ್ದವು. ಅಲ್ಲಿ ಬಂದೂಕಿನ ವಿದ್ಯೆಗಿಂತ ಸಾಮಾನ್ಯ ಶಿಕ್ಷಣಕ್ಕೇ ಪ್ರಾಧಾನ್ಯವಿತ್ತೆಂಬುದು ಅನೇಕರಿಗೆ ಆಶ್ಚರ್ಯವೆನಿಸೀತು. ಯುದ್ಧಕಲೆಯನ್ನು ಸ್ಯಾಂಡ್‌ಹರ್ಸ್ಟ್ ಕಲಿಸುತ್ತಿತ್ತು. ಅದನ್ನು ಕಲಿಯುವ ಯೋಗ್ಯತೆಯನ್ನು ಉಂಟುಮಾಡುವುದು ಡೆಹರಾಡೂನಿನ ಹೊಣೆಯಾಗಿತ್ತು. ಸ್ಪಷ್ಟವಾಗಿ ಬರೆಯುವುದು, ನಿರ್ಭಯವಾಗಿ ಮಾತನಾಡುವುದು, ಕೊಟ್ಟ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮುಗಿಸುವುದು, ಸೋತಾಗ ಕುಗ್ಗದಿರುವುದು, ಗೆದ್ದಾಗ ಹಿಗ್ಗದಿರುವುದು, ಕಿರಿಯರನ್ನು ಹಿರಿಯರು ನೋಡಿಕೊಳ್ಳುವುದು. ಇವೇ ಆ ಶಾಲೆಯ ನಿಜವಾದ ಪಠ್ಯಗಳಾಗಿದ್ದವು.

ಈ ಶಿಕ್ಷಣದಲ್ಲಿ ದೋಷವಿರಲಿಲ್ಲವೆಂದು ಹೇಳಲಾಗದು. ಭಾರತೀಯ ಬಾಲಕನನ್ನು ನಡೆನುಡಿಗಳಲ್ಲಿ ಆಂಗ್ಲನನ್ನಾಗಿ ಮಾಡಿದರೆ ಮಾತ್ರ ಅವನು ಅಧಿಕಾರಿಯಾಗಬಲ್ಲನೆಂಬ ಭಾವನೆ ಅದರ ತಳಹದಿಯಲ್ಲಿತ್ತು. ತಾಯ್ನುಡಿಗೆ ಅಲ್ಲಿ ಗೌರವದ ಸ್ಥಾನವಿರಲಿಲ್ಲ. ವೆಚ್ಚವೂ ಅಪಾರವಾಗಿತ್ತು. ಸಾಮಾನ್ಯ ರೈತನ ಮಗನಾಗಲಿ, ಹಳ್ಳಿಯ ಉಪಾಧ್ಯಾಯನ ಮಗನಾಗಲಿ ಆ ಬಾಗಿಲ ಬಳಿಗೆ ಬರುವುದು ಕನಸಿನ ಮಾತಾಗಿತ್ತು. ತಿಮ್ಮಯ್ಯನವರಿಗೆ ಆ ಅವಕಾಶ ದೊರೆತುದಕ್ಕೆ ಅವರ ಸಾಮರ್ಥ್ಯದಂತೆ ಮನೆತನದ ಅನುಕೂಲವೂ ಕಾರಣವೆಂಬುದನ್ನು ಮರೆಯುವಂತಿಲ್ಲ. ಆದರೂ ಆ ಶಾಲೆ ಒಂದು ಉಪಕಾರವನ್ನು ತಾನೇ ಅರಿಯದೆ ಮಾಡಿತು. ಪಂಜಾಬಿನ ಸಿಖ್, ಪೇಶಾವರದ ಪಠಾಣ, ರಾಜಸ್ಥಾನದ ರಜಪೂತ, ಮಹಾರಾಷ್ಟ್ರದ ಮರಾಠ, ಕೊಡಗಿನ ಕೊಡವ, ಹೀಗೆ ಬೇರೆ ಬೇರೆ ನಾಡಿನ ಬಾಲಕರು ಒಂದೇ ಪಂಕ್ತಿಯಲ್ಲಿ ಉಂಡು ಒಂದೇ ಅಂಗಳದಲ್ಲಿ ಆಡಿ ಬೆಳೆಯುವಂತಾಯಿತು. ಆಂಗ್ಲರನ್ನು ಸೃಷ್ಟಿಸಲೆಂದು ತೆರೆದ ಶಾಲೆಯಲ್ಲಿ ಬಾಲಕರು ತಾವೆಲ್ಲರೂ ಭಾರತೀಯರೆಂಬುದನ್ನು ಕಂಡುಕೊಂಡರು.

ಸ್ಯಾಂಡ್‌ಹರ್ಸ್ಟಿನ ಪ್ರವೇಶ ಸುಲಭದ್ದಾಗಿರಲಿಲ್ಲ. ಲಿಖಿತ ಪರೀಕ್ಷೆಯಲ್ಲಿ ಉತ್ತೀರ್ಣರಾದರೆ ಸಾಲದು. ಹಿರಿಯ ಅಧಿಕಾರಿಗಳ ಮಂಡಲಿಯ ಎದುರು ಕುಳಿತು ಸಂದರ್ಶನದಲ್ಲಿ ಮೆಚ್ಚುಗೆ ಪಡೆಯಬೇಕಿತ್ತು. ವೈದ್ಯಕೀಯ ಪರೀಕ್ಷೆಯಲ್ಲಿಯೂ ಗೆಲ್ಲಬೇಕಿತ್ತು. ಒಂದು ಮೆಟ್ಟಿಲಿನಲ್ಲಿ ಎಡವಿದರೂ ವರ್ಷಗಳ ಸಾಧನೆ ವ್ಯರ್ಥ. ಡೆಹರಾಡೂನಿನ ವ್ಯಾಸಂಗವನ್ನು ಮುಗಿಸಿದ ತಿಮ್ಮಯ್ಯನವರು ಸ್ಯಾಂಡ್‌ಹರ್ಸ್ಟಿಗೆ ಆಯ್ಕೆಯಾದ ಆರು ಮಂದಿ ಭಾರತೀಯರಲ್ಲಿ ಒಬ್ಬರಾದರು. ಇಂಗ್ಲೆಂಡಿನ ಶಿಕ್ಷಣವನ್ನು ಯಶಸ್ವಿಯಾಗಿ ಪೂರೈಸಿ 1926ರ ಫೆಬ್ರವರಿ 4ರಂದು ದೊರೆಯ ಕಮಿಷನ್ ಪಡೆದರು. ಅದೇ ದಿನ ಕಮಿಷನ್ ಪಡೆದ ಮತ್ತೊಬ್ಬ ಭಾರತೀಯರು ಪ್ರಾಣನಾಥ ಥಾಪರ್; 35 ವರ್ಷಗಳ ತರುವಾಯ ತಿಮ್ಮಯ್ಯನವರ ಅನಂತರ ಸೇನಾ ಮುಖ್ಯಸ್ಥರಾದವರು ಅವರೇ.

ಕಮಿಷನ್ ದೊರೆತ ಮಾತ್ರಕ್ಕೆ ಸಮಾನತೆ ದೊರೆಯಲಿಲ್ಲ. ಆಂಗ್ಲ ಅಧಿಕಾರಿಯೊಬ್ಬನು ಭಾರತೀಯನ ಅಧೀನದಲ್ಲಿ ಕೆಲಸ ಮಾಡಬೇಕಾದ ಪ್ರಸಂಗ ಬಾರದಿರಲೆಂದು 1923ರಲ್ಲಿ ಸರ್ಕಾರವು ಒಂದು ಉಪಾಯ ಹೂಡಿತ್ತು. ಭಾರತೀಯ ಅಧಿಕಾರಿಗಳನ್ನು ಎಂಟು ದಳಗಳಿಗೆ ಮಾತ್ರ ನೇಮಿಸತಕ್ಕದ್ದೆಂಬುದು ಆ ಯೋಜನೆ. ತಿಮ್ಮಯ್ಯನವರು ಆಗಿನ ಪದ್ಧತಿಯಂತೆ ಮೊದಲು ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಎಂಬ ಬ್ರಿಟಿಷ್ ದಳದಲ್ಲಿದ್ದು, 1927ರಲ್ಲಿ ಹತ್ತೊಂಬತ್ತನೆಯ ಹೈದರಾಬಾದ್ ರೆಜಿಮೆಂಟಿನ ನಾಲ್ಕನೆಯ ಬೆಟಾಲಿಯನ್ನಿಗೆ ಸೇರಿದರು. ಅದು ಆ ಎಂಟು ದಳಗಳಲ್ಲೊಂದು. ಈ ರೆಜಿಮೆಂಟಿಗೇ ಮುಂದೆ 1945ರಲ್ಲಿ ಕುಮಾವೂನ್ ರೆಜಿಮೆಂಟ್ ಎಂಬ ಹೆಸರು ಬಂದಿತು. ಆಂಗ್ಲರ ಕ್ಲಬ್ಬುಗಳಲ್ಲಿ ಭಾರತೀಯ ಅಧಿಕಾರಿಗೆ ಪ್ರವೇಶ ನಿರಾಕರಿಸುತ್ತಿದ್ದ ಕಾಲವದು. ರಣರಂಗದಲ್ಲಿ ಜೊತೆಗಿದ್ದು ಸಾಯಲು ಯೋಗ್ಯನಾದವನು ಊಟದ ಮೇಜಿನ ಬಳಿ ಕುಳಿತುಕೊಳ್ಳಲು ಯೋಗ್ಯನಲ್ಲವೆಂಬ ಈ ವಿಪರೀತ ನೀತಿಯನ್ನು ಆ ಪೀಳಿಗೆಯ ಭಾರತೀಯ ಅಧಿಕಾರಿಗಳೆಲ್ಲರೂ ನುಂಗಿಕೊಳ್ಳಬೇಕಾಯಿತು.

ಇಂತಹ ಸಂದರ್ಭದಲ್ಲಿ ಅವರ ಮನಸ್ಸಿನಲ್ಲಿ ತುಮುಲವೆದ್ದುದು ಸ್ವಾಭಾವಿಕ. ಅಲಹಾಬಾದಿನಲ್ಲಿದ್ದಾಗ ಅವರಿಗೆ ಪಂಡಿತ ಮೋತಿಲಾಲ ನೆಹರೂ ಅವರ ಪರಿಚಯವಾಯಿತು. ದೇಶದ ತರುಣರು ಸೆರೆಮನೆಗಳನ್ನು ತುಂಬುತ್ತಿರುವಾಗ ತಾವು ಪರಕೀಯರ ಸಮವಸ್ತ್ರವನ್ನು ಧರಿಸಿರುವುದು ಸರಿಯೇ, ರಾಜೀನಾಮೆ ಕೊಟ್ಟು ಹೊರಬರಬೇಕೇ ಎಂಬ ಸಂದೇಹವನ್ನು ತಿಮ್ಮಯ್ಯನವರೂ ಅವರ ಸಂಗಡಿಗರೂ ಆ ಹಿರಿಯರ ಮುಂದಿಟ್ಟರು. ಮೋತಿಲಾಲರು ರಾಜೀನಾಮೆ ಬೇಡವೆಂದರು. ಸ್ವಾತಂತ್ರ್ಯವು ಬಂದೇ ಬರುತ್ತದೆ, ಆಗ ದೇಶಕ್ಕೆ ನುರಿತ ಸೇನಾಧಿಕಾರಿಗಳು ಬೇಕಾಗುತ್ತಾರೆ, ಆ ದಿನಕ್ಕಾಗಿ ಈ ವಿದ್ಯೆಯನ್ನು ಪೂರ್ಣವಾಗಿ ಕಲಿತಿರಬೇಕೆಂಬುದು ಅವರ ಹಿತವಚನದ ಸಾರ. ಈ ಮಾತನ್ನು ಅವರು ಬರಿಯ ಉದಾರಭಾವನೆಯಿಂದ ಆಡಿದುದಲ್ಲ. ಭಾರತದಲ್ಲಿಯೇ ಸ್ಯಾಂಡ್‌ಹರ್ಸ್ಟಿನಂತಹ ಸಂಸ್ಥೆ ಬೇಕೇ ಎಂಬುದನ್ನು ಪರಿಶೀಲಿಸಲು 1925ರಲ್ಲಿ ನೇಮಕವಾದ ಸ್ಕೀನ್ ಸಮಿತಿಗೆ ಅವರೂ ಸದಸ್ಯರಾಗಿದ್ದು ಅನಂತರ ಹೊರಬಂದವರು. ಸೇನಾಧಿಕಾರಿಯನ್ನು ಒಂದು ದಿನದಲ್ಲಿ ತಯಾರಿಸಲಾಗದೆಂಬುದನ್ನು ಅವರು ಚೆನ್ನಾಗಿ ಬಲ್ಲರು. ಅಂತಹ ಸಂಸ್ಥೆಯು 1932ರಲ್ಲಿ ಡೆಹರಾಡೂನಿನಲ್ಲಿಯೇ ಆರಂಭವಾಯಿತು. ಅದೇ ಇಂಡಿಯನ್ ಮಿಲಿಟರಿ ಅಕಾಡೆಮಿ. ಭಾರತೀಯ ತರುಣನು ಅಧಿಕಾರಿಯಾಗಲು ಸಮುದ್ರ ದಾಟಬೇಕಾದ ಅಗತ್ಯ ಅಲ್ಲಿಗೆ ತಪ್ಪಿತು.

ಮೋತಿಲಾಲರ ಮಾತು 1931ರಲ್ಲಿ ಅವರೊಡನೆಯೇ ಅಸ್ತಮಿಸಲಿಲ್ಲ. ತಿಮ್ಮಯ್ಯನವರು ಸೇನೆಯಲ್ಲಿಯೇ ಉಳಿದರು. 1935ರಲ್ಲಿ ಅವರ ವಿವಾಹವು ನೀನಾ ಅವರೊಡನೆ ನಡೆಯಿತು. ಅದೇ ವರ್ಷ ಮೇ 31ರಂದು ಕ್ವೆಟ್ಟಾ ನಗರವನ್ನು ನೆಲಸಮ ಮಾಡಿದ ಭೂಕಂಪದಲ್ಲಿ ನವದಂಪತಿಗಳು ಸಂತ್ರಸ್ತರ ಸೇವೆಗೆ ನಿಂತರು. ಆ ಸೇವೆಗಾಗಿ ನೀನಾ ಅವರಿಗೆ ಕೈಸರ್-ಇ-ಹಿಂದ್ ಪದಕ ದೊರೆಯಿತು. ಅತ್ತೆಗೆ ಸಂದಿದ್ದ ಗೌರವವೇ ಸೊಸೆಗೂ ಸಂದಿತು. ಮರುವರ್ಷ ತಿಮ್ಮಯ್ಯನವರು ಮದರಾಸಿನ ವಿಶ್ವವಿದ್ಯಾಲಯದ ಸೈನಿಕ ಶಿಕ್ಷಣ ದಳಕ್ಕೆ ನೇಮಕಗೊಂಡು, ಕಾಲೇಜು ವಿದ್ಯಾರ್ಥಿಗಳಿಗೆ ಕವಾಯತನ್ನು ಕಲಿಸುವ ಗುರುಗಳಾದರು.

ಎರಡನೆಯ ಮಹಾಯುದ್ಧವು ಹಳೆಯ ಪ್ರಶ್ನೆಗೆ ನಿರ್ಣಾಯಕ ಉತ್ತರವನ್ನು ತಂದಿತು. ಬರ್ಮಾದ ಅರಾಕಾನ್ ಪ್ರದೇಶದಲ್ಲಿ ಜಪಾನೀಯರೊಡನೆ ಕಾದಾಡಿದ 51ನೆಯ ಬ್ರಿಗೇಡಿನ ಮೂರು ಬೆಟಾಲಿಯನ್‌ಗಳಿಗೂ ಭಾರತೀಯರೇ ನಾಯಕರಾಗಿದ್ದರು. ತಿಮ್ಮಯ್ಯ, ಥೋರಾಟ್, ಸೇನ್ ಎಂಬ ಈ ಮೂವರೂ 1945ರ ಕಾಂಗಾವ್ ಸಮರದಲ್ಲಿ ತೋರಿದ ನಾಯಕತ್ವಕ್ಕಾಗಿ ಡಿ.ಎಸ್.ಓ. ಎಂಬ ಉನ್ನತ ಪುರಸ್ಕಾರವನ್ನು ಪಡೆದರು. ಬಳಿಕ ತಿಮ್ಮಯ್ಯನವರಿಗೆ 36ನೆಯ ಬ್ರಿಗೇಡಿನ ನಾಯಕತ್ವ ದೊರೆಯಿತು. ಆ ಮಹಾಯುದ್ಧದಲ್ಲಿ ರಣರಂಗದ ಪದಾತಿ ಬ್ರಿಗೇಡೊಂದನ್ನು ನಡೆಸಿದ ಏಕೈಕ ಭಾರತೀಯರು ಅವರೇ. ಅವರ ಬೆಟಾಲಿಯನ್ನಿನಲ್ಲಿ ಡೆಹರಾಡೂನಿನ ಅದೇ ಶಾಲೆಯಿಂದ ಬಂದ ಸೋಮನಾಥ ಶರ್ಮಾ ಎಂಬ ತರುಣ ಅಧಿಕಾರಿಯಿದ್ದನು. 1947ರ ನವೆಂಬರ್ 3ರಂದು ಶ್ರೀನಗರದ ಬಳಿಯ ಬಡಗಾಮಿನಲ್ಲಿ ಪ್ರಾಣವನ್ನರ್ಪಿಸಿ, ಸ್ವತಂತ್ರ ಭಾರತದ ಮೊಟ್ಟಮೊದಲ ಪರಮವೀರ ಚಕ್ರಕ್ಕೆ ಪಾತ್ರನಾದ ಮೇಜರ್ ಸೋಮನಾಥ ಶರ್ಮಾ ಇವನೇ.

ಕಾಲದ ಸಂಕಟವು ತಿಮ್ಮಯ್ಯನವರ ಮನೆಯನ್ನೂ ಬಿಡಲಿಲ್ಲ. ಸೇನಾಧಿಕಾರಿಯಾಗಿದ್ದ ಅವರ ಅಣ್ಣ ಪೊನ್ನಪ್ಪನವರು ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಫೌಜನ್ನು ಸೇರಿದರು. ತಮ್ಮ ಸೋಮಯ್ಯನವರು ಮುಂದೆ ಕಾಶ್ಮೀರದ ಕಾರ್ಯಾಚರಣೆಯಲ್ಲಿ ನೆಲಬಾಂಬಿನಿಂದಾದ ಅಪಘಾತದಲ್ಲಿ ಮಡಿದರು. ದೇಶಪ್ರೇಮವು ಒಂದೇ ಮನೆಯ ಮಕ್ಕಳನ್ನು ಎದುರುಬದುರಾದ ಪಾಳೆಯಗಳಲ್ಲಿ ನಿಲ್ಲಿಸಿದ ಕಾಲವದು.

ಸ್ವಾತಂತ್ರ್ಯ ಬಂದಾಗ ಮೋತಿಲಾಲರು ಮುಂಗಂಡ ದಿನವೂ ಬಂದಿತು. 1947ರ ಸೆಪ್ಟೆಂಬರಿನಲ್ಲಿ ಮೇಜರ್ ಜನರಲ್ ಪದವಿಗೇರಿದ ತಿಮ್ಮಯ್ಯನವರಿಗೆ ದೇಶವಿಭಜನೆಯ ದಳ್ಳುರಿಯಲ್ಲಿ ಬೇಯುತ್ತಿದ್ದ ಪೂರ್ವ ಪಂಜಾಬಿನಲ್ಲಿ ನಿರಾಶ್ರಿತರ ರಕ್ಷಣೆಯ ಹೊಣೆ ಬಿದ್ದಿತು. 1948ರಲ್ಲಿ ಅವರು ಕಾಶ್ಮೀರ ಕಣಿವೆಯ ರಕ್ಷಣೆಗೆ ನಿಂತ 19ನೆಯ ಡಿವಿಜನ್ನಿನ ನಾಯಕರಾದರು. ಲಡಾಖಿನ ರಾಜಧಾನಿಯಾದ ಲೇಹ್ ಶತ್ರುವಿನ ಬೆದರಿಕೆಗೆ ಗುರಿಯಾಗಿತ್ತು. ಆ ವರ್ಷ ಮೇ ತಿಂಗಳಲ್ಲಿ ವಾಯುಪಡೆಯ ಮೆಹರ್ ಸಿಂಗರು ನಕ್ಷೆಗಳಿಲ್ಲದ ಹಿಮಗಿರಿಗಳ ಮೇಲೆ ಡಕೋಟ ವಿಮಾನವನ್ನು ನಡೆಸಿ ಲೇಹ್‌ನಲ್ಲಿ ಇಳಿಸಿದಾಗ ತಿಮ್ಮಯ್ಯನವರು ಅದೇ ವಿಮಾನದಲ್ಲಿದ್ದರು. ಸೈನಿಕರನ್ನು ಕಳುಹಿಸುವ ಮೊದಲು ದಾರಿಯನ್ನು ತಾವೇ ತುಳಿದು ನೋಡಬೇಕೆಂಬುದು ಅವರ ನಿಯಮವಾಗಿತ್ತು.

ಅವರ ಕೀರ್ತಿಗೆ ಕಳಶಪ್ರಾಯವಾದುದು ಜೋಜಿಲಾ ಕಣಿವೆಯ ವಿಜಯ. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಸಮುದ್ರಮಟ್ಟದಿಂದ 11,500 ಅಡಿಗೂ ಎತ್ತರದಲ್ಲಿರುವ ಈ ಕಣಿವೆಯನ್ನು ಶತ್ರುಗಳು ಹಿಡಿದಿದ್ದರು. ಕಾಲಾಳುಗಳ ದಾಳಿಗಳು ವಿಫಲವಾದವು. ಚಳಿಗಾಲದ ಹಿಮ ಬಿದ್ದು ದಾರಿ ಮುಚ್ಚಿದರೆ ಲಡಾಖ್ ಕೈತಪ್ಪುವ ಅಪಾಯವಿತ್ತು. ಅಷ್ಟು ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸುವ ನಿರ್ಧಾರವಾಯಿತು. ಏಳನೆಯ ಲೈಟ್ ಕ್ಯಾವಲ್ರಿಯ ಸ್ಟೂವರ್ಟ್ ಟ್ಯಾಂಕುಗಳ ಮೇಲ್ಗೋಪುರಗಳನ್ನು ಕಳಚಿ, ಶತ್ರುವಿಗೆ ಸುಳಿವು ಸಿಗದಂತೆ ಸಾಗಿಸಲಾಯಿತು. ಬೆಂಗಳೂರನ್ನು ಕೇಂದ್ರವಾಗಿ ಉಳ್ಳ ಮದರಾಸ್ ಸ್ಯಾಪರ್ಸ್ ದಳದ ಎಂಜಿನಿಯರುಗಳು ಹೇಸರಗತ್ತೆಯ ಜಾಡನ್ನು ಅಗಲಿಸಿ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. 1948ರ ನವೆಂಬರ್ 1ರಂದು ದಾಳಿ ನಡೆಯಿತು. ತಿಮ್ಮಯ್ಯನವರು ಟ್ಯಾಂಕುಗಳೊಡನೆ ತಾವೂ ಮುಂದೆ ಸಾಗಿದರು. ಕನಸುಮನಸಿನಲ್ಲಿಯೂ ಟ್ಯಾಂಕುಗಳನ್ನು ನಿರೀಕ್ಷಿಸದಿದ್ದ ಶತ್ರುಗಳು ಕಣಿವೆಯನ್ನು ಬಿಟ್ಟು ಹಿಮ್ಮೆಟ್ಟಿದರು. ಅದೇ ತಿಂಗಳಿನಲ್ಲಿ ದ್ರಾಸ್, ಕಾರ್ಗಿಲ್‌ಗಳು ಭಾರತದ ವಶವಾಗಿ ಲೇಹ್‌ನ ದಾರಿ ತೆರೆಯಿತು. ಆ ಏಳನೆಯ ಕ್ಯಾವಲ್ರಿಯೂ 1923ರ ಎಂಟು ದಳಗಳಲ್ಲಿ ಒಂದೆಂಬುದು ಸ್ಮರಣೀಯ. ಭಾರತೀಯರನ್ನು ಬೇರೆಯಾಗಿಡಲು ಹಾಕಿದ ಬೇಲಿಯೊಳಗೇ ಅವರು ತಮ್ಮ ನಾಯಕತ್ವವನ್ನು ಬೆಳೆಸಿಕೊಂಡಿದ್ದರು.

ಕಾಶ್ಮೀರದ ಕದನವಿರಾಮದ ಅನಂತರ ತಿಮ್ಮಯ್ಯನವರನ್ನು ಡೆಹರಾಡೂನಿನ ಸೈನಿಕ ಅಕಾಡೆಮಿಗೆ ಮುಖ್ಯಸ್ಥರನ್ನಾಗಿ ನೇಮಿಸಲಾಯಿತು. ಅವರು ಬಾಲಕರಾಗಿ ಬಂದಾಗ ಆ ಊರಿನಲ್ಲಿ ಇಂತಹ ಅಕಾಡೆಮಿಯೇ ಇರಲಿಲ್ಲ. ಈಗ ಅದೇ ಊರಿನಲ್ಲಿ ಸ್ವತಂತ್ರ ದೇಶದ ತರುಣರನ್ನು ಅಧಿಕಾರಿಗಳನ್ನಾಗಿ ರೂಪಿಸುವ ಹೊಣೆ ಅವರದಾಯಿತು. ವಿದ್ಯಾರ್ಥಿಯು ಗುರುಪೀಠಕ್ಕೆ ಹಿಂದಿರುಗಿದ ಈ ಪ್ರಸಂಗವು ಅವರ ಬಾಳಿನ ಅತ್ಯಂತ ಅರ್ಥಪೂರ್ಣ ಘಟ್ಟಗಳಲ್ಲೊಂದು.

1953ರಲ್ಲಿ ಕೊರಿಯಾದ ಯುದ್ಧ ನಿಂತಾಗ, ಸ್ವದೇಶಕ್ಕೆ ಮರಳಲೊಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ಸಮಸ್ಯೆ ಜಗತ್ತನ್ನು ಕಾಡಿತು. ಅದನ್ನು ಪರಿಹರಿಸಲು ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರು ಅಧ್ಯಕ್ಷರಾದರು. ಎರಡೂ ಬಣಗಳ ಆಕ್ಷೇಪಗಳ ನಡುವೆ ತಾಳ್ಮೆಗೆಡದೆ ಕೆಲಸ ಮಾಡಿದರು. ಖಡ್ಗ ಹಿಡಿದ ಕೈ ತಕ್ಕಡಿಯನ್ನೂ ಹಿಡಿಯಬಲ್ಲುದೆಂದು ಲೋಕವು ಕಂಡಿತು. 1954ರಲ್ಲಿ ಭಾರತ ಸರ್ಕಾರವು ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಅವರನ್ನು ಗೌರವಿಸಿತು. 1957ರ ಮೇ ತಿಂಗಳಲ್ಲಿ ಅವರು ಭೂಸೇನೆಯ ಮುಖ್ಯಸ್ಥರಾದರು.

ಅಧಿಕಾರದ ಶಿಖರವು ಸುಖದ ಶಿಖರವಾಗಲಿಲ್ಲ. ರಕ್ಷಣಾ ಸಚಿವರಾದ ವಿ. ಕೆ. ಕೃಷ್ಣಮೆನನ್ನರಿಗೂ ಅವರಿಗೂ ಭಿನ್ನಾಭಿಪ್ರಾಯಗಳು ತಲೆದೋರಿದವು. 1959ರ ಆಗಸ್ಟ್ ಕೊನೆಯಲ್ಲಿ ಅವರು ರಾಜೀನಾಮೆ ಸಲ್ಲಿಸಿದರು. ಪ್ರಧಾನಿ ನೆಹರೂ ಅವರ ಒತ್ತಾಯದ ಮೇರೆಗೆ ಹಿಂತೆಗೆದುಕೊಂಡರು. ಈ ಸಂಗತಿ ಲೋಕಸಭೆಯವರೆಗೂ ಹೋಯಿತು. ಹಿಂತೆಗೆದುಕೊಂಡದ್ದು ಸರಿಯೇ ತಪ್ಪೇ ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಸೇನೆಯು ಚುನಾಯಿತ ಸರ್ಕಾರಕ್ಕೆ ಅಧೀನವಾಗಿರತಕ್ಕದ್ದೆಂಬ ತತ್ತ್ವವನ್ನು ಅವರು ಮೀರಲಿಲ್ಲವೆಂಬುದು ಮಾತ್ರ ನಿರ್ವಿವಾದ. ನೆರೆಯ ಅನೇಕ ದೇಶಗಳಲ್ಲಿ ಸೇನಾಪತಿಗಳು ಸಿಂಹಾಸನವೇರಿದ ಕಾಲದಲ್ಲಿ ಈ ಸಂಯಮದ ಬೆಲೆ ಅಪಾರ. 1961ರ ಮೇ ತಿಂಗಳಲ್ಲಿ ಅವರು ನಿವೃತ್ತರಾದರು. ಮರುವರ್ಷವೇ ಚೀನದ ಆಕ್ರಮಣವು ದೇಶವನ್ನು ನಡುಗಿಸಿತು.

ನಿವೃತ್ತಿಯು ವಿಶ್ರಾಂತಿಯಾಗಲಿಲ್ಲ. 1964ರಲ್ಲಿ ವಿಶ್ವಸಂಸ್ಥೆಯ ಕರೆಗೆ ಓಗೊಟ್ಟು, ಗ್ರೀಕರಿಗೂ ತುರ್ಕರಿಗೂ ಕಲಹವೆದ್ದಿದ್ದ ಸೈಪ್ರಸ್ ದ್ವೀಪದ ಶಾಂತಿಪಾಲನಾ ಪಡೆಯ ನಾಯಕತ್ವವನ್ನು ವಹಿಸಿಕೊಂಡರು. 1965ರ ಡಿಸೆಂಬರಿನಲ್ಲಿ, ಕರ್ತವ್ಯದಲ್ಲಿರುವಾಗಲೇ, ಹೃದಯಾಘಾತದಿಂದ ಅಲ್ಲಿಯೇ ನಿಧನರಾದರು. ಆಗ ಅವರಿಗೆ 59 ವರ್ಷ. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ಸೈನಿಕ ಗೌರವಗಳೊಡನೆ ಸಮಾಧಿ ಮಾಡಲಾಯಿತು. ಸೈಪ್ರಸ್ ಸರ್ಕಾರವು 1966ರಲ್ಲಿ ಅವರ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರಡಿಸಿತು. ಮಡಿಕೇರಿಯಲ್ಲಿ ಅವರು ಬೆಳೆದ ‘ಸನ್ನಿಸೈಡ್’ ಮನೆಯು 2021ರಲ್ಲಿ ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ಸಮರ್ಪಿತವಾಯಿತು.

ಡೆಹರಾಡೂನಿನ ಆ ಶಾಲೆಯು 2022ರಲ್ಲಿ ನೂರು ವರ್ಷಗಳನ್ನು ಪೂರೈಸಿತು. ಪ್ರಿನ್ಸ್ ಆಫ್ ವೇಲ್ಸ್ ಎಂಬ ಹೆಸರು ಎಂದೋ ಅಳಿದಿದೆ. ರಾಷ್ಟ್ರೀಯ ಇಂಡಿಯನ್ ಮಿಲಿಟರಿ ಕಾಲೇಜೆಂಬ ಹೆಸರಿನಲ್ಲಿ ಅದು ಈಗ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ವಿದ್ಯಾರ್ಥಿಗಳನ್ನು ಅಣಿಗೊಳಿಸುತ್ತಿದೆ. ಶತಮಾನೋತ್ಸವದ ವರ್ಷದಿಂದ ಬಾಲಕಿಯರಿಗೂ ಪ್ರವೇಶ ದೊರೆತಿದೆ. ಪೂರ್ವಸಿದ್ಧತೆಯ ಈ ತತ್ತ್ವವು ಆ ಒಂದು ಆವರಣದಲ್ಲಿಯೇ ನಿಲ್ಲಲೂ ಇಲ್ಲ. 1961ರಲ್ಲಿ ದೇಶದಲ್ಲಿ ಸೈನಿಕ ಶಾಲೆಗಳ ಯೋಜನೆ ಆರಂಭವಾಯಿತು. ಅದನ್ನು ರೂಪಿಸಿದವರು ತಿಮ್ಮಯ್ಯನವರೊಡನೆ ಭಿನ್ನಮತ ಹೊಂದಿದ್ದ ಕೃಷ್ಣಮೆನನ್ನರೇ ಎಂಬುದು ವಿಧಿಯ ವೈಚಿತ್ರ್ಯ. ಕರ್ನಾಟಕದಲ್ಲಿ 1963ರಲ್ಲಿ ವಿಜಾಪುರದಲ್ಲಿಯೂ, 2007ರಲ್ಲಿ ತಿಮ್ಮಯ್ಯನವರ ತವರಾದ ಕೊಡಗಿನ ಕೂಡಿಗೆಯಲ್ಲಿಯೂ ಇಂತಹ ಶಾಲೆಗಳು ಸ್ಥಾಪನೆಗೊಂಡವು. ಹಿಂದೆ ಧನವಂತರ ಮಕ್ಕಳಿಗೆ ಮಾತ್ರ ಎಟುಕುತ್ತಿದ್ದ ದಾರಿ ಪ್ರವೇಶ ಪರೀಕ್ಷೆಯ ಮೂಲಕ ರೈತರ, ಕೂಲಿಕಾರರ ಮಕ್ಕಳಿಗೂ ತೆರೆದಿದೆ.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಎಲ್ಲರೂ ಒಳಹೋಗಲಾರರು. ಡೆಹರಾಡೂನಿನ ಶಾಲೆಯ ಪ್ರವೇಶಕ್ಕೆ ಬಾಲಕನ ವಯಸ್ಸು ಹನ್ನೊಂದೂವರೆಗಿಂತ ಕಡಿಮೆಯಿರಬಾರದು, ಹದಿಮೂರನ್ನು ಮುಟ್ಟಿರಬಾರದು. ಇಂಗ್ಲಿಷ್, ಗಣಿತ, ಸಾಮಾನ್ಯ ಜ್ಞಾನಗಳಲ್ಲಿ ಪರೀಕ್ಷೆ. ಅನಂತರ ಸಂದರ್ಶನ, ವೈದ್ಯಕೀಯ ತಪಾಸಣೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ಬುದ್ಧಿವಂತ ಬಾಲಕನಿಗೆ ಈ ಅವಕಾಶದ ಸುದ್ದಿ ತಲುಪುವ ವೇಳೆಗೆ ವಯಸ್ಸು ಮೀರಿರುತ್ತದೆ. ಸುದ್ದಿ ತಲುಪಿದರೂ ಇಂಗ್ಲಿಷಿನ ಭಯ ಹಿಂದಕ್ಕೆಳೆಯುತ್ತದೆ. 1918ರಲ್ಲಿ ಸ್ಯಾಂಡ್‌ಹರ್ಸ್ಟಿನ ಬಾಗಿಲಲ್ಲಿ ಎಡವಿದ ಭಾರತೀಯ ತರುಣರ ಕೊರತೆಯೇ ಇಂದು ಬೇರೆ ರೂಪದಲ್ಲಿ ಹಳ್ಳಿಯ ಮಕ್ಕಳನ್ನು ಕಾಡುತ್ತಿದೆ. ಈ ಕೊರತೆಯನ್ನು ತುಂಬಬಲ್ಲವರು ಹತ್ತನೆಯ ವಯಸ್ಸಿನಲ್ಲಿಯೇ ಮಗುವಿನ ಶಕ್ತಿಯನ್ನು ಗುರುತಿಸುವ ಉಪಾಧ್ಯಾಯರು, ಸಂಜೆಯ ಒಂದು ಗಂಟೆಯನ್ನು ಅದಕ್ಕಾಗಿ ಮೀಸಲಿಡುವ ಹಳೆಯ ವಿದ್ಯಾರ್ಥಿಗಳು, ಪುಸ್ತಕಕ್ಕೂ ಪ್ರಯಾಣಕ್ಕೂ ನೆರವು ನೀಡುವ ದಾನಿಗಳು.

ಜೋಜಿಲಾದ ಹಿಮದಲ್ಲಿ ಟ್ಯಾಂಕುಗಳು ಏರಿದುದನ್ನು ಲೋಕವು ಕೊಂಡಾಡುತ್ತದೆ. ಆ ದಾರಿಯನ್ನು ಅಗಲಿಸಿದ ಎಂಜಿನಿಯರುಗಳ ಹೆಸರನ್ನು ಬಲ್ಲವರು ಕಡಿಮೆ. ಶಾಲೆಗಳು ಮಾಡುವ ಕೆಲಸವೂ ಅಂತಹುದೇ. ತಿಮ್ಮಯ್ಯನವರಿಗೆ ಕೂನೂರಿನಲ್ಲಿ, ಬೆಂಗಳೂರಿನಲ್ಲಿ, ಡೆಹರಾಡೂನಿನಲ್ಲಿ ಪಾಠ ಹೇಳಿದ ಗುರುಗಳಲ್ಲಿ ಹೆಚ್ಚಿನವರನ್ನು ಇತಿಹಾಸ ನೆನೆಯುವುದಿಲ್ಲ. ಅವರು ಅಗಲಿಸಿಕೊಟ್ಟ ದಾರಿಯಲ್ಲಿ ಒಬ್ಬ ದಂಡನಾಯಕನು ನಡೆದು, ಒಂದು ದೇಶದ ಗಡಿಯನ್ನು ಉಳಿಸಿದನು.